ಲಾಕ್ಲನ್ ಮನೆಯ ಹುಡುಗಿ

ಬೇಸಗೆ ಬಂತೆಂದರೆ ನನ್ನ ಮೇಜಿನ ಮುಂದೆ ತಮ್ಮ ಪೂರ್ವಿಕರನ್ನು ಹುಡುಕಿಕೊಂಡು ಬಂದ ಕೆನಡಾದವರ ಸಾಲು. ಒಬ್ಬೊಬ್ಬರ ಕೈಯಲ್ಲೂ ಒಂದು ಕಡತ, ಕೊರಳಲ್ಲಿ ಕುಲದ ಚೌಕುಳಿ ಬಟ್ಟೆ. ತಮ್ಮ ಮುತ್ತಜ್ಜ ಕುಲದೊಡೆಯನ ತಮ್ಮನಾಗಿದ್ದ, ಕತ್ತಿ ಹಿಡಿದು ಸತ್ತ ಎಂದು ನನ್ನ ಬಾಯಿಂದ ಕೇಳಬೇಕು ಅವರಿಗೆ. ನಾನು ಹೇಳುವುದು ಬೇರೆ. ನಿಮ್ಮ ಮುತ್ತಜ್ಜನಿಗೆ ಒಂದು ಹಸು, ಎರಡು ಪಟ್ಟಿ ಆಲೂಗಡ್ಡೆ, ಒಂಬತ್ತು ಮಕ್ಕಳು. ಒಡೆಯನಿಗೆ ಕುರಿ ಮೇಯಿಸಲು ಜಾಗ ಬೇಕಾಯಿತು, ಎಲ್ಲರನ್ನೂ ಕೆನಡಾದ ಹಡಗು ಹತ್ತಿಸಿದ. ಕೆಲವರು ಅಳುತ್ತಾರೆ. ಕೆಲವರು ಈ ದ್ವೀಪದಲ್ಲಿ ಬೇರೆ ಯಾರಾದರೂ ವಂಶಾವಳಿ ನೋಡುವವರು ಇದ್ದಾರೆಯೇ ಎಂದು ಕೇಳುತ್ತಾರೆ. ಇಲ್ಲ, ನಾನೊಬ್ಬಳೇ. ಎಫಿ ಮ್ಯಾಕಾಸ್ಕಿಲ್, ನಿವೃತ್ತ ಟೀಚರು, ಎಪ್ಪತ್ತು ವರ್ಷ, ಬಾಯಿ ಜೋರು.

ನಮ್ಮಲ್ಲಿ ನೀನು ಯಾರೆಂದು ಕೇಳಿದರೆ ಬರೀ ಹೆಸರು ಹೇಳಿದರೆ ಸಾಲದು. ಇಂಥವನ ಮಗ, ಅವನು ಇಂಥವನ ಮಗ ಎಂದು ಏಳು ತಲೆ ಹೇಳಬೇಕು. ಮುನ್ನೂರ ಹನ್ನೆರಡು ಮನೆಗಳ ಏಳು ತಲೆ ನನಗೆ ಬಾಯಿಪಾಠ. ಮನೆಮನೆಗೆ ಹೋಗಿ, ಮುದುಕ ಮುದುಕಿಯರ ಮಾತನ್ನು ಟೇಪಿಗೆ ಹಿಡಿದು, ನಾಲ್ಕು ಸಂಪುಟ ಬರೆದಿದ್ದೇನೆ. ಯಾವ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಕಡಲಿಗೆ ಹೋಗಿ ಬರಲಿಲ್ಲ, ಎಲ್ಲ ಅದರಲ್ಲಿದೆ. ಒಂದು ತಪ್ಪು ತೋರಿಸಿ ನೋಡೋಣ ಎಂದು ಸವಾಲು ಹಾಕುತ್ತಿದ್ದೆ. ಅಷ್ಟು ಜಂಬ ನನಗೆ.

ಆದರೆ ನಮ್ಮದೇ ಮನೆಯಲ್ಲಿ ಒಬ್ಬನಿದ್ದ. ಅವನದು ಒಂದು ತಲೆಯೂ ನನಗೆ ಗೊತ್ತಿರಲಿಲ್ಲ.

ವಾಲ್ಟರ್ ಪರ್ಡಿ. ವಾಟಿ ಎನ್ನುತ್ತಿದ್ದೆವು. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಗ್ಲಾಸ್ಗೋದಿಂದ ಬಂದಾಗ ಅವನಿಗೆ ಮೂರು ವರ್ಷ. ಆಗೆಲ್ಲ ಆ ನಗರದ ದಿಕ್ಕಿಲ್ಲದ ಮಕ್ಕಳನ್ನು ದ್ವೀಪಗಳ ರೈತರ ಮನೆಗೆ ಸಾಕಲು ಕಳಿಸುತ್ತಿದ್ದರು. ಸಾಕುವ ಖರ್ಚು ನಗರದಿಂದ ಬರುತ್ತಿತ್ತು, ಮಗು ದೊಡ್ಡದಾದ ಮೇಲೆ ಪುಕ್ಕಟೆ ಆಳೂ ಸಿಗುತ್ತಿತ್ತು. ನಾನು ಹುಟ್ಟಿದ್ದು ಅವನು ಬಂದ ಎಂಟು ವರ್ಷಕ್ಕೆ. ನನ್ನನ್ನು ಬೆನ್ನ ಮೇಲೆ ಹೊತ್ತು ಹಳ್ಳ ದಾಟಿಸಿದವನು ಅವನು, ನಾನು ಮಾಡಿದ ತಪ್ಪಿಗೆ ಅಪ್ಪನ ಬೆಲ್ಟಿನೇಟು ತಿಂದವನೂ ಅವನೇ. ದೊಡ್ಡವನಾದ ಮೇಲೂ ಊರು ಬಿಡಲಿಲ್ಲ. ಅಪ್ಪನ ಕುರಿ ಕಾಯ್ದ, ಅಪ್ಪ ಹೋದ ಮೇಲೆ ಅಣ್ಣನ ಕುರಿ ಕಾಯ್ದ. ಮದುವೆಯಾಗಲಿಲ್ಲ. ಯಾರ ಮಗ ಎಂದರೆ ಹೇಳಲು ಏನೂ ಇಲ್ಲದವನಿಗೆ ಇಲ್ಲಿ ಹೆಣ್ಣು ಕೊಡುವವರು ಯಾರು?

ಹೋದ ವಸಂತದಲ್ಲಿ ಅವನ ಶ್ವಾಸಕೋಶ ಕೆಟ್ಟಿತು. ಹೊಸ ವರ್ಷ ಕಾಣುವುದು ಕಷ್ಟ ಎಂದರು ಡಾಕ್ಟರು. ಅಣ್ಣನ ಮನೆಯ ಅಡುಗೆಕೋಣೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಅವನ ಮಂಚ ಹಾಕಿದ್ದರು. ನಾನು ದಿನಾ ಮಧ್ಯಾಹ್ನ ಸೂಪು ಹಿಡಿದು ಹೋಗುತ್ತಿದ್ದೆ. ಒಂದು ದಿನ ಚಮಚ ಕೆಳಗಿಟ್ಟು ಕೇಳಿದ.

"ಎಫಿ, ಕೆನಡಾದೋರಿಗೆಲ್ಲ ಹುಡುಕಿಕೊಟ್ಟೆ. ನಂಗೂ ಒಬ್ಬಳನ್ನ ಹುಡುಕಿಕೊಡ್ತೀಯಾ?"

"ಯಾರನ್ನೋ? ಮುದಿವಯಸ್ಸಲ್ಲಿ ಹೆಣ್ಣು ನೋಡಕ್ಕೆ ಹೊರಟ್ಯಾ?"

"ನೆಟ್ಟಾನ. ನಮ್ಮ ಅಕ್ಕನ್ನ."

ಎಪ್ಪತ್ತು ವರ್ಷ ಒಂದೇ ಒಲೆಯ ಬೆಂಕಿ ಕಾಯಿಸಿಕೊಂಡಿದ್ದೇವೆ. ಇವನಿಗೊಬ್ಬ ಅಕ್ಕ ಇದ್ದಳೆಂದು ಅವತ್ತೇ ನಾನು ಕೇಳಿದ್ದು. ಹಡಗಿನಲ್ಲಿ ತನ್ನ ಕೋಟಿನೊಳಗೆ ಇವನನ್ನು ಸೇರಿಸಿ ಗುಂಡಿ ಹಾಕಿಕೊಂಡು ಕೂತಿದ್ದಳಂತೆ. ದಕ್ಕೆಯಲ್ಲಿ ಯಾರೋ ಗುಂಡಿ ಬಿಚ್ಚಿ ಇವನನ್ನು ಎಳೆದುಕೊಂಡರು, ಇವನು ಆ ಕೈ ಕಚ್ಚಿದ. ಅಷ್ಟೇ ನೆನಪು. ಆಮೇಲೊಂದು ಸಲ, ದೊಡ್ಡ ಪ್ರಾರ್ಥನೆಗೆ ದ್ವೀಪದವರೆಲ್ಲ ಸೇರಿದ್ದಾಗ, ಅವಳನ್ನು ಕಂಡ ಹಾಗೆ ನೆನಪು, ಅದು ಕನಸೂ ಇರಬಹುದು ಎಂದ. ಅಕ್ಕ ಎಲ್ಲಿ ಎಂದು ಅತ್ತಾಗ, ಅವಳು ಅದೇ ಹಡಗಿನಲ್ಲಿ ಗ್ಲಾಸ್ಗೋಗೆ ವಾಪಸು ಹೋದಳು ಎಂದು ನಮ್ಮಪ್ಪ ಹೇಳಿದರಂತೆ. ನಮ್ಮಪ್ಪ ಚರ್ಚಿನ ಹಿರಿಯರು, ಸುಳ್ಳು ಹೇಳುವವರಲ್ಲ. ವಾಟಿ ಮತ್ತೆ ಕೇಳಲಿಲ್ಲ.

"ಬದುಕಿದ್ರೆ ಫೋನಲ್ಲಿ ಒಂದ್ಸಲ ಅವಳ ದನಿ ಕೇಳ್ಬೇಕು" ಎಂದ. "ಸತ್ತಿದ್ರೆ ಎಲ್ಲಿ ಮಲಗಿದಾಳೆ ಅಂತ ಗೊತ್ತಾಗ್ಬೇಕು. ಜಾಸ್ತಿ ಏನೂ ಬೇಡ."

ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ನನ್ನಂಥವರಿಗೇ. ನಾನು ಮನೆಗೆ ಬಂದು ನನ್ನ ಎರಡನೆಯ ಸಂಪುಟ ತೆಗೆದು ನಮ್ಮ ಮನೆಯ ಪುಟ ನೋಡಿದೆ. ಅಪ್ಪ, ಅಮ್ಮ, ಐದು ಮಕ್ಕಳು, ಎರಡು ದಿನ ಬದುಕಿದ್ದ ಕೂಸು ಸಮೇತ. ವಾಟಿಯ ಹೆಸರಿಲ್ಲ. ನಾನೇ ಬರೆದದ್ದು. ಯಾವ ಮನೆಯ ಪುಟದಲ್ಲೂ ಗ್ಲಾಸ್ಗೋ ಮಕ್ಕಳನ್ನು ನಾನು ಸೇರಿಸಿರಲಿಲ್ಲ. ಅವರು ಕುಲದವರಲ್ಲ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ, ಎಲ್ಲರಿಗೂ ಹಾಗೇ ಅನಿಸುತ್ತಿತ್ತು, ನನಗೂ.

ಎರಡು ತಿಂಗಳು ಹುಡುಕಿದೆ. ಪರ್ಡಿ ಹೆಸರಿನ ಹೆಂಗಸರ ಮದುವೆ, ಸಾವು, ಜನಗಣತಿ, ಯಾವುದರಲ್ಲೂ ನೆಟ್ಟಾ ಸಿಗಲಿಲ್ಲ. ವಾಟಿ ದಿನಾ ಬಾಗಿಲ ಕಡೆ ನೋಡುತ್ತಿದ್ದ, ನಾನು ಸೂಪಿನ ಬಗ್ಗೆ ಮಾತಾಡುತ್ತಿದ್ದೆ. ಕೊನೆಗೆ ಅವನ ಕೈಯಲ್ಲೇ ಒಂದು ಅರ್ಜಿಗೆ ಸಹಿ ಹಾಕಿಸಿ, ಗ್ಲಾಸ್ಗೋದಲ್ಲಿ ಆ ಮಕ್ಕಳ ಹಳೆಯ ದಾಖಲೆ ಇಟ್ಟವರಿಗೆ ಕಳಿಸಿದೆ. ಆಗಸ್ಟಿನಲ್ಲಿ ಎರಡು ಹಾಳೆಯ ನಕಲು ಬಂತು.

ಮೊದಲನೆಯ ಹಾಳೆಯಲ್ಲಿ ವಾಟಿ. ತಾಯಿ ಕ್ಷಯದಿಂದ ಸತ್ತಿದ್ದಳು, ತಂದೆ ನಾಪತ್ತೆ. ಎರಡನೆಯದರಲ್ಲಿ ಜಾನೆಟ್ ಗೌ, ಕರೆಯುವ ಹೆಸರು ನೆಟ್ಟಾ, ಏಳು ವರ್ಷ, ಅದೇ ತಾಯಿಗೆ ಮದುವೆಗೆ ಮುಂಚೆ ಹುಟ್ಟಿದವಳು. ಕಳಿಸಿದ ಜಾಗ ಇದೇ ದ್ವೀಪ. ಉತ್ತರದ ತುದಿಯ ಹಾಲಿನ್ ಕೇರಿ, ಲಾಕ್ಲನ್ ಮಾರಿಸನ್ ಮನೆ. ನಮ್ಮ ಮನೆಯಿಂದ ಹತ್ತೊಂಬತ್ತು ಮೈಲಿ.

ಕೆಳಗೆ ಅಧಿಕಾರಿಯೊಬ್ಬ ನಾಲ್ಕು ಸಾಲು ಬರೆದಿದ್ದ. ಪ್ರಾರ್ಥನೆಯ ದಿನ ಅಕ್ಕನನ್ನು ನೋಡಿದ ಮೇಲೆ ಹುಡುಗ ಮೂರು ದಿನ ಊಟ ಬಿಟ್ಟ. ಮಕ್ಕಳು ಹೊಂದಿಕೊಳ್ಳಬೇಕಾದರೆ ಭೇಟಿಯಾಗದಿರುವುದು ಒಳ್ಳೆಯದು. ಇನ್ನೊಬ್ಬರು ಗ್ಲಾಸ್ಗೋಗೆ ವಾಪಸಾದರೆಂದು ಇಬ್ಬರಿಗೂ ಹೇಳಲು ಎರಡೂ ಮನೆಯ ಯಜಮಾನರು ಒಪ್ಪಿದ್ದಾರೆ. ಒಪ್ಪಿದ್ದಕ್ಕೆ ಎರಡು ಸಹಿ. ಒಂದು ಲಾಕ್ಲನ್‌ದು. ಇನ್ನೊಂದು, ನಮ್ಮ ಮನೆಯ ಬೈಬಲ್ಲಿನಲ್ಲಿ ನನ್ನ ಜನನ ಬರೆದ ಅಪ್ಪನ ಕೈಯದು.

ಲಾಕ್ಲನ್ ಮನೆಯ ಹುಡುಗಿ! ಅರವತ್ತು ದಾಟಿದರೂ ಅವಳನ್ನು ದ್ವೀಪವೆಲ್ಲ ಹಾಗೇ ಕರೆಯುತ್ತಿತ್ತು. ಕರಿ ಕೋಟು, ಗಂಡಸಿನ ಬೂಟು, ದನದ ಸಂತೆಯಲ್ಲಿ ಚಹಾ ಹಂಚುವವಳು. ಲಾಕ್ಲನ್ ಸತ್ತ ಮೇಲೆ ಅವನ ಹೆಂಡತಿ ಮಾರ್ಸಲಿಯನ್ನು ಕೊನೆವರೆಗೆ ನೋಡಿಕೊಂಡವಳು ಅವಳೇ. ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ ಈ ಹುಡುಗಿಯೂ ಸತ್ತಳು. ನಮ್ಮ ಹಿರಿಯರೆಲ್ಲರಿಗೂ ಗೊತ್ತಿದ್ದಿರಬೇಕು. ಒಂದು ದ್ವೀಪದ ಬಾಯಿಗೆ ಬೀಗ ಬಿದ್ದಿತ್ತು. ಸತ್ತವರನ್ನೆಲ್ಲ ಹೆಸರು ಹಿಡಿದು ಬೈದೆ.

ಬೈದು ಮುಗಿಸಿದ ಮೇಲೆ ನೆನಪಾಯಿತು. ಆ ಮನೆಗೆ ನಾನೂ ಹೋಗಿದ್ದೆ.

ತೊಂಬತ್ತೊಂದನೆಯ ಇಸವಿಯ ಟೇಪು ನನ್ನ ಕಪಾಟಿನಲ್ಲೇ ಇತ್ತು, ಹಾಲಿನ್, ಮಾರ್ಸಲಿ ಮಾರಿಸನ್, ವಯಸ್ಸು ಎಂಬತ್ತಾರು ಎಂದು ನನ್ನದೇ ದುಂಡಕ್ಷರದಲ್ಲಿ. ಹಾಕಿದೆ. ಮಾರ್ಸಲಿ ತನ್ನ ಮಕ್ಕಳ ಹೆಸರು ಹೇಳುತ್ತಾಳೆ. ಬಟ್ಟಲಿನ ಸದ್ದು. ಬಾಗಿಲು ಮುಚ್ಚಿದ ಸದ್ದು. ಆಮೇಲೆ ಮುದುಕಿ ದನಿ ಇಳಿಸುತ್ತಾಳೆ.

"ಮಕ್ಕಳು ಅಂದ್ಮೇಲೆ ಇವಳೂ ಇದಾಳಲ್ಲ, ಈಗ ಚಹಾ ಕೊಟ್ಟು ಹೋದಳಲ್ಲ, ಇವಳು. ಇವಳದ್ದೊಂದು ನನ್ನ ಎದೇಲಿ ಕೂತಿದೆ ಮಗಳೇ. ಇವಳಿಗೊಬ್ಬ ತಮ್ಮ ಇದ್ದ, ನಿಮ್ಮ ಕಡೇಲೇ..."

ಆಗ ನನ್ನ ದನಿ. ಚುರುಕು ದನಿ, ಟೀಚರಮ್ಮನ ದನಿ. "ಗ್ಲಾಸ್ಗೋದೋರ ವಿಷಯ ಬೇಡಜ್ಜಿ, ಟೇಪು ಮುಗಿದ್ಹೋಗತ್ತೆ. ಲಾಕ್ಲನ್ ಅವರ ಅಪ್ಪ ಯಾರ ಮಗ, ಅದು ಹೇಳಿ."

ಟಕ್ ಎಂದು ಗುಂಡಿ ಒತ್ತಿದ ಸದ್ದು. ಮತ್ತೆ ಶುರುವಾದಾಗ ಮಾರ್ಸಲಿ ಲಾಕ್ಲನ್ನನ ಅಪ್ಪ, ಅಜ್ಜ, ಮುತ್ತಜ್ಜ ಎಂದು ಸರಾಗವಾಗಿ ಹೇಳಿಕೊಂಡು ಹೋಗುತ್ತಾಳೆ. ಹುಡುಗಿಯ ಮಾತು ಮತ್ತೆ ಬರುವುದಿಲ್ಲ. ತಮ್ಮ ಅಂದದ್ದು ನನಗೆ ಕೇಳಿಸಿರಲಿಲ್ಲ ಎಂದು ಹೇಳಲಾರೆ. ಟೇಪಿನಲ್ಲಿ ಅಷ್ಟು ಸ್ಪಷ್ಟವಾಗಿದೆ. ಅವತ್ತು ನಾನು ಸುಮ್ಮನೆ ಇನ್ನರ್ಧ ನಿಮಿಷ ಕೂತಿದ್ದರೆ ಅಕ್ಕ ತಮ್ಮನಿಗೆ ಮೂರು ವರ್ಷ ಸಿಗುತ್ತಿತ್ತು. ಟೇಪು ಉಳಿಸಿದೆ ನಾನು.

ಅಣ್ಣನಿಗೆ ಹೇಳಿದೆ. ಸಾಯುವ ಮುದುಕನಿಗೆ ಯಾಕೆ ಹೇಳುತ್ತೀಯ, ಸಿಗಲಿಲ್ಲ ಅಂದುಬಿಡು, ಅಪ್ಪನ ಹೆಸರೂ ಉಳಿಯುತ್ತೆ ಅಂದ. ನನಗೂ ಆಸೆಯಾಯಿತು, ಸುಳ್ಳೇಕೆ. ಮೂರು ದಿನ ವಾಟಿಯ ಹತ್ತಿರ ಹೋಗಲೇ ಇಲ್ಲ. ನಾಲ್ಕನೆಯ ದಿನ ಅವನೇ ಹೇಳಿಕಳಿಸಿದ, ಕಾಗದ ಬಂದಿದೆಯಂತಲ್ಲ, ಅಂಚೆಯವನು ಹೇಳಿದ ಎಂದು.

ಹೋಗಿ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಎರಡು ಹಾಳೆ, ಎರಡು ಸಹಿ, ಹತ್ತೊಂಬತ್ತು ಮೈಲಿ. ಟೇಪನ್ನೂ ಬಿಡಲಿಲ್ಲ. ನಾನು ಏನು ಹೇಳಿದೆ, ಯಾವಾಗ ಗುಂಡಿ ಒತ್ತಿದೆ, ಅದನ್ನೂ ಹೇಳಿದೆ. ಅವನು ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಉಸಿರು ಎಳೆದುಕೊಳ್ಳುತ್ತ, "ಅವಳ ಮಣ್ಣಿಗೆ ನಾನು ಹೋಗಿದ್ದೆ" ಎಂದ.

ನಮ್ಮಲ್ಲಿ ಯಾರೇ ಸತ್ತರೂ ದ್ವೀಪದ ಗಂಡಸರೆಲ್ಲ ಹೋಗಬೇಕು, ಸರದಿಯ ಮೇಲೆ ಹೆಗಲು ಕೊಡಬೇಕು. ಪೆಟ್ಟಿಗೆಯನ್ನು ಎಂಟು ಹಗ್ಗ ಹಿಡಿದು ಗುಂಡಿಗೆ ಇಳಿಸುತ್ತಾರೆ, ತಲೆ ಕಡೆಯ ಹಗ್ಗ ಹತ್ತಿರದ ರಕ್ತಸಂಬಂಧಿಗೆ. "ಜನ ಕಮ್ಮಿ ಇದ್ರು, ಮಳೆ" ಎಂದ. "ನಂಗೆ ಎರಡು ಸಲ ಸರದಿ ಬಂತು. ಭಾರಾನೇ ಇರಲಿಲ್ಲ. ಪೆಟ್ಟಿಗೆ ಇಳಿಸೋವಾಗ ತಲೆ ಕಡೆ ಹಗ್ಗ ಹಿಡಿಯೋಕೆ ಅವಳಿಗೆ ರಕ್ತಸಂಬಂಧಿಗಳು ಯಾರೂ ಇಲ್ಲ ಅಂತ ಯಾರೋ ಅಂದ್ರು. ಪಾಪ ಅಂದ್ಕೊಂಡೆ. ಕಾಲ ಕಡೆ ಹಗ್ಗ ನಂಗೆ ಕೊಟ್ಟಿದ್ರು, ಹೊರಗಿನೋನು ಅಂತ."

ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನ ಕಣ್ಣು ಒಣಗಿತ್ತು.

"ನೀನು ಅವಳ ಕೈಯಿಂದ ಚಹಾ ಕುಡಿದ್ಯಲ್ಲ ಎಫಿ. ಹೇಗಿದ್ಳು? ನನ್ನ ಹಾಗೆ ಇದ್ಳಾ?"

ಯೋಚಿಸಿದೆ. ಬಟ್ಟಲಿನ ಮೇಲಿದ್ದ ನೀಲಿ ಗೆರೆ ನೆನಪಾಯಿತು. ಓಟ್ಸ್ ರೊಟ್ಟಿಗೆ ಬೆಣ್ಣೆ ದಪ್ಪಗೆ ಹಚ್ಚಿದ್ದು ನೆನಪಾಯಿತು. ಬಟ್ಟಲು ಹಿಡಿದ ಕೈ ಕೆಂಪಗೆ ಒಡೆದಿತ್ತು. ಕೈಯಿಂದ ಮೇಲೆ ಏನೂ ಇಲ್ಲ. ಏನಾದರೂ ಹೇಳಿಬಿಡೋಣ, ನಿನ್ನದೇ ಮೂಗು ಕಣೋ, ನಿನ್ನದೇ ನಗು ಅನ್ನೋಣ ಎಂದು ಬಾಯಿ ತೆರೆದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಸುಳ್ಳು ಹೇಳ್ಬೇಡ" ಎಂದ. "ನಿಮ್ಮಪ್ಪ ಹೇಳಿದ್ದೇ ಸಾಕು."

"ನಾನು ಅವಳ ಮುಖ ನೋಡ್ಲಿಲ್ಲ ವಾಟಿ."

ಅವನು ಗೋಡೆ ಕಡೆ ತಿರುಗಿದ. ಮಾರನೆಯ ದಿನ ಸೂಪು ತೆಗೆದುಕೊಂಡು ಹೋದರೆ ಬೇಡ ಎಂದು ಅತ್ತಿಗೆಯ ಕೈಲಿ ಹೇಳಿಸಿದ. ಅದರ ಮಾರನೆಯ ದಿನವೂ ಹಾಗೆಯೇ. ಹನ್ನೊಂದು ದಿನ ಬದುಕಿದ. ಹನ್ನೊಂದು ದಿನವೂ ನಾನು ಅಡುಗೆಕೋಣೆಯಲ್ಲಿ ಕೂತು ಅವನ ಕೆಮ್ಮು ಕೇಳಿಸಿಕೊಂಡೆ. ಒಳಗೆ ಕರೆಯಲಿಲ್ಲ.

ಪಾದ್ರಿಗೆ ಮಾತ್ರ ಎರಡು ಮಾತು ಹೇಳಿದ್ದನಂತೆ. ತನ್ನನ್ನು ನಮ್ಮ ಕುಟುಂಬದ ಜಾಗದಲ್ಲಿ ಹೂಳಬಾರದು, ಹಾಲಿನ್‌ನಲ್ಲಿ ಅವಳ ಪಕ್ಕದಲ್ಲಿ ಹೂಳಬೇಕು. ತಲೆ ಕಡೆಯ ಹಗ್ಗವನ್ನು ಯಾರಿಗೂ ಕೊಡಬಾರದು.

ಹಾಗೇ ಮಾಡಿದರು. ಏಳು ಜನ ಏಳು ಹಗ್ಗ ಹಿಡಿದರು, ಅಣ್ಣ ಕಾಲ ಕಡೆ ನಿಂತ. ಎಂಟನೆಯ ಹಗ್ಗ ಪೆಟ್ಟಿಗೆಯ ಮುಚ್ಚಳದ ಮೇಲೆ ಸುರುಳಿಯಾಗಿ ಬಿದ್ದಿತ್ತು. ಇಳಿಸುವಾಗ ತಲೆ ಕಡೆ ವಾಲಿ, ಗುಂಡಿಯ ಅಂಚಿಗೆ ಪೆಟ್ಟಿಗೆ ಒಮ್ಮೆ ತಾಗಿತು. ಎಲ್ಲರೂ ನನ್ನ ಕಡೆ ನೋಡಿದರು. ಈಗ ಹೆಂಗಸರೂ ಹಗ್ಗ ಹಿಡಿಯುತ್ತಾರೆ. ನಾನು ಎರಡು ಹೆಜ್ಜೆ ಮುಂದೆ ಹೋಗಿ ಕೈಚಾಚಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವನು ಬೇಡ ಎಂದಿದ್ದ. ನಾನು ಸ್ಮಶಾನದ ಗೋಡೆಯ ಹತ್ತಿರವೇ ನಿಂತುಕೊಂಡೆ.