ಒರಿಜಿನಲ್ ಯಾರ ಕೈಲಿದೆ?

ರಿಸಲ್ಟ್ ಬಂದ ಮನೆಯ ಫೋನಿಗೆ ಬಿಡುವೇ ಇರುವುದಿಲ್ಲ. ಮಗಳು ಪಾಸಾದ ಸುದ್ದಿ ಸ್ವಂತ ಚಿಕ್ಕಪ್ಪನಿಗೆ ತಲುಪುವ ಮೊದಲೇ ಎಲ್ಲೆಲ್ಲಿಯದೋ ಕಾಲೇಜುಗಳಿಗೆ ತಲುಪಿರುತ್ತದೆ. ಅದು ಹೇಗೆ ಎಂದು ನಮ್ಮನ್ನು ಕೇಳಬೇಡಿ.

ಲಿಫ್ಟ್ ಮೇಸ್ತ್ರಿಯ ಮನೆಯಲ್ಲೂ ಹೀಗೇ ಆಯಿತು. ಊರಿನ ಅರ್ಧದಷ್ಟು ಲಿಫ್ಟುಗಳನ್ನು ರಿಪೇರಿ ಮಾಡುವವನು ಅವನು. ಅವನ ಒಬ್ಬಳೇ ಮಗಳನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಾರೆ, ಅಪ್ಪನಿಗಿಂತ ಎರಡು ಅಂಗುಲ ಎತ್ತರ ಬೆಳೆದರೂ ಪುಟ್ಟಿಯೇ. ಕಂಪ್ಯೂಟರ್ ಸೈನ್ಸ್ ಓದಬೇಕೆಂದು ಅವಳು ಹಟ ಹಿಡಿದು ಕೂತಿದ್ದಳು. ಅಂಕವೂ ಚೆನ್ನಾಗಿ ಬಂದಿತ್ತು. ಸರ್ಕಾರದ ಸೀಟು ಹಂಚಿಕೆಗೆ ಹೆಸರು ಕೊಟ್ಟಿದ್ದಳು. ಸೋಮವಾರ ಬೆಳಿಗ್ಗೆ ದಾಖಲೆಗಳ ಪರಿಶೀಲನೆ. ಅಂದು ಒರಿಜಿನಲ್ ಅಂಕಪಟ್ಟಿ ತೋರಿಸಿದವರಿಗೆ ಮಾತ್ರ ಸೀಟು.

ಗುರುವಾರ ಮಧ್ಯಾಹ್ನ ಮೇಸ್ತ್ರಿ ಒಂದು ಆಸ್ಪತ್ರೆಯ ಲಿಫ್ಟಿನ ಗುಂಡಿಯೊಳಗೆ ಗ್ರೀಸು ಮೆತ್ತಿಕೊಂಡು ಕೂತಿದ್ದಾಗ ಫೋನು ಬಂತು.

"ಸರ್, ಯೂನಿವರ್ಸಿಟಿಯಿಂದ ಮಾತಾಡ್ತಿರೋದು. ಕಂಪ್ಯೂಟರ್ ಸೈನ್ಸಲ್ಲಿ ಇನ್ನು ಎರಡೇ ಸೀಟು ಉಳಿದಿರೋದು. ಸಂಜೆ ನಾಲ್ಕಕ್ಕೆ ಪಟ್ಟಿ ಮುಚ್ಚುತ್ತೆ. ನಿಮ್ಮ ಮಗಳ ಹೆಸರು ಬರೆದುಕೊಳ್ಳಲಾ, ಬೇರೆಯವರಿಗೆ ಕೊಟ್ಟುಬಿಡಲಾ?"

ಮೇಸ್ತ್ರಿ ಸ್ಪ್ಯಾನರು ಕೆಳಗಿಟ್ಟ. ಹತ್ತು ಮಹಡಿ ಎತ್ತರದ ಹಗ್ಗದ ಕೆಳಗೆ ಕೂತು ಕೆಲಸ ಮಾಡುವ ಮನುಷ್ಯ ಅವನು. ಆ ಹೆದರಿಕೆ ಅವನಿಗೆ ಅಭ್ಯಾಸವಾಗಿತ್ತು. ಇದು ಬೇರೆ ಹೆದರಿಕೆ. ಸೋಮವಾರ ಸರ್ಕಾರಿ ಸೀಟು ಸಿಗದೇ ಹೋದರೆ? ಇದೂ ಕೈತಪ್ಪಿದರೆ? ಮಗಳ ಮುಖ ಹೇಗೆ ನೋಡುವುದು? ಅಂಡು ಸುಟ್ಟ ಬೆಕ್ಕಿನಂತೆ ಮನೆಗೆ ಓಡಿದ, ಕಪಾಟಿನಿಂದ ಲಕೋಟೆ ತೆಗೆದುಕೊಂಡ, ಪುಟ್ಟಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟ. ಹೆಂಡತಿ ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಅವಳನ್ನು ಕೇಳಲೂ ಇಲ್ಲ.

ಗಾಜಿನ ಬಾಗಿಲ ಕಟ್ಟಡ. ನಾಲ್ಕನೇ ಮಹಡಿಯಲ್ಲಿ ತಣ್ಣನೆಯ ಕೋಣೆ. ಟೈ ಕಟ್ಟಿದ ಒಬ್ಬಾತ ನಗುನಗುತ್ತ ಎದ್ದು ನಿಂತು ಕೈಕುಲುಕಿದ. ಗ್ರೀಸು ಹತ್ತಿದ ಕೈಯನ್ನು ಅಷ್ಟು ಪ್ರೀತಿಯಿಂದ ಯಾರೂ ಕುಲುಕಿರಲಿಲ್ಲ. ಗಾಜಿನಾಚೆ ಲ್ಯಾಬು ತೋರಿಸಿದ. ಸಾಲುಸಾಲು ಕಂಪ್ಯೂಟರ್, ಎಲ್ಲವೂ ಬೆಳಗುತ್ತಿದ್ದವು. ಒಂದರ ಮುಂದೆಯೂ ಯಾರೂ ಕೂತಿರಲಿಲ್ಲ, ಆದರೆ ಅದು ಆಗ ಅಪ್ಪನಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ.

"ದುಡ್ಡು ಎಷ್ಟು ತರಬೇಕು?" ಮೇಸ್ತ್ರಿ ಕೇಳಿದ.

"ಛೆ ಛೆ, ಈಗ ಒಂದು ಕಾಸೂ ಬೇಡ ಸರ್. ಒರಿಜಿನಲ್ ಮಾರ್ಕ್ಸ್ ಕಾರ್ಡು, ಟೀಸಿ ಕೊಟ್ಟು ಹೋಗಿ ಸಾಕು. ಸೀಟು ನಿಮ್ಮ ಮಗಳದ್ದೇ."

ದುಡ್ಡು ಕೇಳದವನು ಮೋಸ ಹೇಗೆ ಮಾಡಿಯಾನು? ಮೇಸ್ತ್ರಿ ಲಕೋಟೆ ಕೊಟ್ಟ. ಟೈಯವನು ತನ್ನ ಹೆಸರಿನ ಚಂದದ ಕಾರ್ಡೊಂದನ್ನು ಕೊಟ್ಟ. ಮೇಸ್ತ್ರಿ ಅದನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು, ಯುದ್ಧ ಗೆದ್ದವನಂತೆ ಮೆಟ್ಟಿಲಿಳಿದ.

ಸಂಜೆ ಮನೆಗೆ ಲೈಬ್ರರಿ ಅಕ್ಕ ಬಂದಿದ್ದಳು. ಕೆಳಗಿನ ಮನೆಯವಳು, ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ. ಓಣಿಯ ಮಕ್ಕಳ ಅರ್ಜಿಗಳನ್ನೆಲ್ಲ ತುಂಬಿಸುವವಳು ಅವಳೇ. ಮೇಸ್ತ್ರಿಯ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಅಕ್ಕನ ಚೀಲಕ್ಕೆ ಹೊಸ ಜಿಪ್ಪು ಹಾಕುತ್ತಿದ್ದಳು. ಮೇಸ್ತ್ರಿ ಖುಷಿಯಿಂದ ಎಲ್ಲ ಹೇಳಿದ. ಯಂತ್ರದ ಸದ್ದು ನಿಂತಿತು.

"ಒರಿಜಿನಲ್ಲೇ ಕೊಟ್ರಾ ಅಣ್ಣ?" ಎಂದಳು ಅಕ್ಕ. "ಕೊಟ್ಟಿದ್ದಕ್ಕೆ ರಸೀದಿ ಇಸ್ಕೊಂಡ್ರಾ?"

ಮೇಸ್ತ್ರಿ ಜೇಬಿನಿಂದ ಕಾರ್ಡು ತೆಗೆದು ತೋರಿಸಿದ.

"ಇದು ಅವನ ಹೆಸರು, ಅವನ ಫೋನ್ ನಂಬರು. ಪುಟ್ಟಿ ಹೆಸರು ಎಲ್ಲಿದೆ?"

ಮೇಸ್ತ್ರಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದ. ಹಿಂದುಗಡೆ ಖಾಲಿ.

"ಸೋಮವಾರ ಪರಿಶೀಲನೆ ಅಲ್ವಾ ಅಣ್ಣ? ಅಲ್ಲಿ ಏನು ತೋರಿಸ್ತೀರಿ?"

ಆ ಯೋಚನೆ ಮೇಸ್ತ್ರಿಗೆ ಬಂದೇ ಇರಲಿಲ್ಲ. ಆದರೂ ಸೋಲೊಪ್ಪುವ ಜಾತಿಯಲ್ಲ. "ಅದು ದೊಡ್ಡ ಯೂನಿವರ್ಸಿಟಿ ಅಕ್ಕಾ. ಕಂಪ್ಯೂಟರ್ ಸಾಲಾಗಿ ಜೋಡಿಸಿದಾರೆ, ಕಣ್ಣಾರೆ ನೋಡಿದೀನಿ."

"ಅಂಗಡೀಲೂ ಸಾಲಾಗೇ ಜೋಡಿಸಿರ್ತಾರೆ. ಅಂಗಡಿಯೋರು ಡಿಗ್ರಿ ಕೊಡ್ತಾರಾ?"

ಹೆಂಡತಿ ಕುರ್ಚಿಯನ್ನು ಈ ಕಡೆ ತಿರುಗಿಸಿದಳು. "ರೀ, ಒಂದು ಮಾತು ಕೇಳ್ತೀನಿ. ಗುಂಡಿಗೆ ಇಳಿಯೋ ಮುಂಚೆ ಕರೆಂಟ್ ಆಫ್ ಮಾಡಿ ಬೀಗ ಹಾಕ್ತೀರಲ್ಲ, ಆ ಕೀಲಿ ಯಾರ ಕೈಗೆ ಕೊಡ್ತೀರಿ?"

"ಯಾರಿಗೂ ಕೊಡಲ್ಲ. ನನ್ನ ಜೇಬಲ್ಲೇ ಇರುತ್ತೆ."

"ಕಟ್ಟಡದ ಮಾಲೀಕ ಬಂದು ಕೇಳಿದ್ರೆ?"

"ಅವರಪ್ಪ ಬಂದು ಕೇಳಿದ್ರೂ ಕೊಡಲ್ಲ. ನಾನು ಕೆಳಗಿರೋವಾಗ ಯಾರಾದ್ರೂ ಸ್ವಿಚ್ ಒತ್ತಿದ್ರೆ ನನ್ನ ಕಥೆ ಏನು?"

"ಈಗ ಮಗಳನ್ನ ಗುಂಡಿಗೆ ಇಳಿಸಿ, ಕೀಲಿ ಟೈ ಕಟ್ಟಿದವನ ಕೈಗೆ ಕೊಟ್ಟು ಬಂದಿದೀರಿ."

ಮೇಸ್ತ್ರಿ ಕೀಲಿ ಇಡುವ ಜೇಬನ್ನು ಮುಟ್ಟಿ ನೋಡಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಮಾಡದ ತಪ್ಪನ್ನು ಮಗಳ ವಿಷಯದಲ್ಲಿ ಮಾಡಿಬಿಟ್ಟಿದ್ದ. ಪುಟ್ಟಿ ಎದ್ದು ಲಕೋಟೆಯಿದ್ದ ಕಪಾಟಿನ ಬಾಗಿಲು ಮುಚ್ಚಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಮೂವರೂ ಮೆಟ್ಟಿಲ ಮೇಲೆ ನಿಂತಿದ್ದರು. ಅಕ್ಕ ಕಂಪ್ಯೂಟರಿನಲ್ಲಿ ಸರ್ಕಾರದ ಪಟ್ಟಿ ತೆಗೆದಳು. ಮಾನ್ಯತೆ ಪಡೆದ ಯೂನಿವರ್ಸಿಟಿಗಳ ಹೆಸರುಗಳೆಲ್ಲ ಅದರಲ್ಲಿದ್ದವು.

"ಇದೆ! ಹೆಸರಿದೆ!" ಮೇಸ್ತ್ರಿ ಕುರ್ಚಿಯಿಂದ ಎದ್ದೇ ನಿಂತ. ಹೋದ ಜೀವ ಬಂದಂತಾಯಿತು.

"ಕೂತ್ಕೊಳಿ ಅಣ್ಣ, ಹೆಸರು ನೋಡಿ ಎದ್ದು ಹೋಗೋರೇ ಜಾಸ್ತಿ. ಪೂರ್ತಿ ಓದೋಣ. ಪುಟ್ಟಿ, ಇವರಿಗೆ ಅನುಮತಿ ಇರೋದು ಯಾವ ಊರಿನ ಕಟ್ಟಡಕ್ಕೆ?"

ಪುಟ್ಟಿ ಪರದೆಗೆ ಬೆರಳಿಟ್ಟು ಓದಿದಳು. ಅದು ಇನ್ನೂರು ಮೈಲಿ ದೂರದ ಬೇರೊಂದು ಊರು.

"ಯಾವ ಯಾವ ಕೋರ್ಸಿಗೆ?"

ವಾಣಿಜ್ಯ. ಆಡಳಿತ. ಗ್ರಾಫಿಕ್ ಡಿಸೈನ್. ಪಟ್ಟಿ ಅಲ್ಲಿಗೆ ಮುಗಿಯಿತು. ಪುಟ್ಟಿ ಕೆಳಗೆ ಎಳೆದಳು, ಮೇಲೆ ಎಳೆದಳು. ಕಂಪ್ಯೂಟರ್ ಸೈನ್ಸ್ ಎಲ್ಲೂ ಇರಲಿಲ್ಲ.

"ಅಂದ್ರೆ ಅಕ್ಕಾ, ನಾನು ನಾಲ್ಕು ವರ್ಷ ಅಲ್ಲಿ ಓದಿದ್ರೆ..." ಪುಟ್ಟಿ ಅಕ್ಕನ ಕಡೆ ತಿರುಗಿದಳು.

"ಓದು ತಲೇಲಿರುತ್ತೆ ಕಣೇ. ಆದ್ರೆ ಆ ಡಿಗ್ರಿ ಕಾಗದ ಇಟ್ಕೊಂಡು ಕೆಲಸಕ್ಕೆ ಹೋದ್ರೆ ಬೇಡ ಅಂತಾರೆ, ಮುಂದೆ ಓದೋಕೆ ಹೋದ್ರೂ ಬೇಡ ಅಂತಾರೆ. ಆಮೇಲೆ ನಿನ್ನ ನಾಲ್ಕು ವರ್ಷ ಯಾರು ವಾಪಸ್ ಕೊಡ್ತಾರೆ?"

ಅಕ್ಕ ಒಂದು ಅರ್ಜಿ ಬರೆದು ಕೊಟ್ಟಳು: ಇಂಥ ದಿನ ಇಂಥ ದಾಖಲೆಗಳನ್ನು ನಿಮಗೆ ಕೊಟ್ಟಿದ್ದೇನೆ, ನಮಗೆ ಸೀಟು ಬೇಡ, ದಾಖಲೆ ಹಿಂತಿರುಗಿಸಿ. ಅದರ ಮೂರು ಪ್ರತಿ ಮಾಡಿಸಿದಳು. "ಒಂದು ಅವರಿಗೆ, ಒಂದಕ್ಕೆ ಅವರ ಸೀಲು ಹಾಕಿಸ್ಕೊಂಡು ನೀವಿಟ್ಕೊಳಿ, ಒಂದು ಇರಲಿ. ಜಗಳ ಆಡಬೇಡಿ. ಕಾಗದ ಸಿಗೋ ತನಕ ಎದ್ದೂ ಬರಬೇಡಿ."

ಅಪ್ಪ ಮಗಳು ಆ ಕಟ್ಟಡಕ್ಕೆ ಹೋದಾಗ ಟೈಯವನು ಊಟಕ್ಕೆ ಹೋಗಿದ್ದ. ಕಾಯುವಾಗ ಪುಟ್ಟಿ ನೀರು ಕುಡಿಯಲು ಹೋದಳು. ನಲ್ಲಿಯ ಹತ್ತಿರ ಒಬ್ಬ ಹುಡುಗಿ ಬಾಟಲಿ ತುಂಬಿಸುತ್ತಿದ್ದಳು. ಎರಡನೇ ವರ್ಷದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ.

"ಲ್ಯಾಬು ಚೆನ್ನಾಗಿದೆಯಾ ಅಕ್ಕಾ?" ಪುಟ್ಟಿ ಕೇಳಿದಳು.

ಆ ಹುಡುಗಿ ಅತ್ತ ಇತ್ತ ನೋಡಿದಳು. "ಒಳಗೆ ಬಿಡಲ್ಲ. ಸೇರೋರಿಗೆ ತೋರಿಸೋಕೆ ಇಟ್ಟಿರೋದು. ನಮಗೆ ಐದು ಸಬ್ಜೆಕ್ಟಿಗೆ ಒಬ್ಬರೇ ಮೇಷ್ಟ್ರು. ಮೊದಲ ವರ್ಷದ ರಿಸಲ್ಟೇ ಇನ್ನೂ ಬಂದಿಲ್ಲ."

"ಮತ್ತೆ ಬೇರೆ ಕಡೆ ಹೋಗಬಹುದಲ್ಲ?"

"ಹೇಗೆ ಹೋಗ್ಲಿ? ನನ್ನ ಒರಿಜಿನಲ್ ಒಳಗಿದೆ." ಬಾಟಲಿ ತುಂಬಿ ನೀರು ಅವಳ ಕೈಮೇಲೆ ಹರಿಯುತ್ತಿತ್ತು. "ಜೋರಾಗಿ ಮಾತಾಡಬೇಡ, ಕೇಳಿಸ್ಕೊಂಡ್ರೆ ಹಾಜರಾತಿ ಕಡಿಮೆ ಮಾಡ್ತಾರೆ."

ಪುಟ್ಟಿ ಬಂದು ಅಪ್ಪನ ಕಿವಿಯಲ್ಲಿ ಇಷ್ಟನ್ನೂ ಹೇಳಿದಳು. ಎದುರಿಗೆ ಬೀಗ ಹಾಕಿದ ಕಬ್ಬಿಣದ ಕಪಾಟು. ಅದರೊಳಗೆ ಎಷ್ಟು ಮಕ್ಕಳ ಲಕೋಟೆಗಳಿವೆಯೋ ಏನೋ.

ಟೈಯವನು ಬಂದ. ಅರ್ಜಿ ನೋಡಿದ. ನಗು ಹಾಗೇ ಇತ್ತು, ಕಣ್ಣು ಮಾತ್ರ ನಗಲಿಲ್ಲ.

"ಫೈಲು ಹೆಡ್ ಆಫೀಸಿಗೆ ಹೋಗಿದೆ ಸರ್. ಮುಂದಿನ ವಾರ ಬನ್ನಿ."

"ಸೋಮವಾರ ಬೆಳಿಗ್ಗೆ ಬೇಕು ಸಾರ್."

"ನಿಮ್ಮ ಹತ್ರ ರಸೀದಿ ಇದೆಯಾ?"

ಇಲ್ಲ ಎಂದರೆ ಮುಗಿಯಿತು. ನಿಮ್ಮನ್ನು ನಾನು ನೋಡಿಯೇ ಇಲ್ಲ ಎಂದು ಈತ ಅಂದುಬಿಟ್ಟರೆ ಏನು ಮಾಡುವುದು? ಅಷ್ಟರಲ್ಲಿ ಹಿಂದಿನಿಂದ ನಾಲ್ಕೈದು ಜನ ತಂದೆತಾಯಿ ಮಕ್ಕಳೊಡನೆ ಒಳಗೆ ಬಂದರು. ಎಲ್ಲರ ಕೈಯಲ್ಲೂ ಲಕೋಟೆ. ಎಲ್ಲರ ಮುಖದಲ್ಲೂ ನಿನ್ನೆ ತನ್ನ ಮುಖದಲ್ಲಿದ್ದ ಅದೇ ಗಾಬರಿ.

ಮೇಸ್ತ್ರಿ ಕುರ್ಚಿ ಎಳೆದುಕೊಂಡು ಮೇಜಿನ ಎದುರಿಗೇ ಕೂತ. ಲಿಫ್ಟಿನ ಬಾವಿಯ ತಳದಿಂದ ಮೇಲಿರುವವರನ್ನು ಕೂಗಿ ಕೂಗಿ ಪಳಗಿದ ಗಂಟಲು ಅವನದು.

"ಸಾರ್, ಒಂದೇ ಪ್ರಶ್ನೆ. ಈ ಕಟ್ಟಡದಲ್ಲಿ ಕಂಪ್ಯೂಟರ್ ಸೈನ್ಸ್ ಹೇಳಿಕೊಡೋಕೆ ಸರ್ಕಾರದ ಅನುಮತಿ ಪತ್ರ ಇದೆಯಲ್ಲ, ಅದನ್ನ ಒಂದು ಸಲ ತೋರಿಸಿ. ನೋಡಿ ಎದ್ದು ಹೋಗ್ತೀನಿ."

ಟೈಯವನು ದನಿ ತಗ್ಗಿಸಿ, "ಅರ್ಜಿ ಹಾಕಿದೀವಿ ಸರ್, ಇವತ್ತೋ ನಾಳೆಯೋ ಬರುತ್ತೆ," ಎಂದ.

"ಕೇಳಿಸ್ಲಿಲ್ಲ. ಇನ್ನೂ ಬಂದಿಲ್ವಾ?"

ಸಾಲಿನಲ್ಲಿ ಮೊದಲಿದ್ದ ತಾಯಿಯೊಬ್ಬಳು ಆಗಲೇ ಲಕೋಟೆಯನ್ನು ಮೇಜಿನ ಮೇಲೆ ಇಟ್ಟಿದ್ದಳು. ಮೆಲ್ಲಗೆ ಅದನ್ನು ಹಿಂದಕ್ಕೆಳೆದುಕೊಂಡು ಚೀಲಕ್ಕೆ ಹಾಕಿಕೊಂಡಳು. ಅವಳ ಹಿಂದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಯವನು ಎದ್ದು ಕಪಾಟು ತೆರೆದ. ಹೆಡ್ ಆಫೀಸಿಗೆ ಹೋಗಿದ್ದ ಫೈಲು ಮೂರನೇ ಖಾನೆಯಲ್ಲೇ ಇತ್ತು. ಪುಟ್ಟಿ ಅಲ್ಲೇ ನಿಂತು ಒಂದೊಂದೇ ಹಾಳೆ ತೆಗೆದು, ಹೆಸರು, ಸಂಖ್ಯೆ, ಸೀಲು ಎಲ್ಲ ನೋಡಿ ಲಕೋಟೆಗೆ ಹಾಕಿದಳು. ಎಲ್ಲವನ್ನೂ ಎರಡು ಸಲ ನೋಡಿದಳು.

ಶನಿವಾರ ಅಕ್ಕ ಹೇಳಿದಂತೆ ಅವರು ಪಟ್ಟಿಯಲ್ಲಿದ್ದ ಇನ್ನೊಂದು ಕಾಲೇಜಿಗೆ ಹೋದರು. ಅಲ್ಲಿ ಗಾಜಿನ ಬಾಗಿಲಿರಲಿಲ್ಲ, ಗೋಡೆಗೆ ಸುಣ್ಣ ಬಳಿದು ಯಾವ ಕಾಲವಾಗಿತ್ತೋ. ಹಳೆಯ ಕಂಪ್ಯೂಟರುಗಳ ಮುಂದೆ ಮಕ್ಕಳು ಭುಜಕ್ಕೆ ಭುಜ ತಾಗಿಸಿ ಕೂತು, ಪ್ರೋಗ್ರಾಂ ಓಡುತ್ತಿಲ್ಲವೆಂದು ಜಗಳವಾಡುತ್ತಿದ್ದರು. ಮೇಡಮ್ ಒಬ್ಬರು ಪುಟ್ಟಿಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಪಾಠ ಕೇಳಲು ಬಿಟ್ಟರು. ಹೊರಗೆ ಬಂದ ಮಗಳು ಎರಡು ದಿನದ ಮೇಲೆ ಮೊದಲ ಬಾರಿ ಬಾಯಿ ತುಂಬ ಮಾತಾಡಿದಳು. ಮೇಸ್ತ್ರಿಗೆ ಒಂದಕ್ಷರ ಅರ್ಥವಾಗಲಿಲ್ಲ, ಕಣ್ಣು ಮಾತ್ರ ತುಂಬಿ ಬಂತು. ಸೋಮವಾರ ಪರಿಶೀಲನೆ ಮುಗಿದು ಅವಳಿಗೆ ಅದೇ ಕಾಲೇಜಿನಲ್ಲಿ ಸೀಟಾಯಿತು. ಅಲ್ಲಿಯೂ ಒರಿಜಿನಲ್ ನೋಡಿದರು. ನೋಡಿ, ಅಲ್ಲೇ ವಾಪಸು ಕೊಟ್ಟರು.

ಆದರೆ ಶುಕ್ರವಾರದ ಮಾತು ಒಂದು ಉಳಿದಿದೆ. ಲಕೋಟೆ ಹಿಡಿದು ಅಪ್ಪ ಮಗಳು ಮೆಟ್ಟಿಲಿಳಿಯುವಾಗ ನಲ್ಲಿಯ ಹತ್ತಿರ ಕಂಡ ಹುಡುಗಿ ಓಡಿಬಂದಿದ್ದಳು. 

"ಅಂಕಲ್, ಆ ಅರ್ಜಿದು ಇನ್ನೊಂದು ಪ್ರತಿ ಇದೆಯಾ?"

ಮೇಸ್ತ್ರಿ ಮೂರನೇ ಪ್ರತಿಯನ್ನು ಅವಳಿಗೆ ಕೊಟ್ಟ. ಅಕ್ಕನ ಗ್ರಂಥಾಲಯದ ವಿಳಾಸವನ್ನೂ ಬರೆದುಕೊಟ್ಟ. ಅವಳು ಅದರಲ್ಲಿ ಪುಟ್ಟಿಯ ಹೆಸರಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನಮ್ಮಪ್ಪನೂ ಹೀಗೇ ಒಂದು ಪ್ರಶ್ನೆ ಕೇಳಿದ್ದಿದ್ರೆ..." ಎಂದವಳು ಮಾತು ಮುಗಿಸದೆ ಮತ್ತೆ ಮೇಲೆ ಹತ್ತಿ ಹೋದಳು. ಲೈಬ್ರರಿ ಅಕ್ಕನ ಜೊತೆ ಕೂತು ಈಗ ಸರ್ಕಾರದ ಮೇಲಧಿಕಾರಿಗಳಿಗೆ ದೂರು ಬರೆದಿದ್ದಾಳೆ. ಈ ಕಥೆ ನಿಮ್ಮ ಕೈಸೇರುವ ಹೊತ್ತಿಗೂ ಅವಳ ಅಂಕಪಟ್ಟಿ ಆ ಕಬ್ಬಿಣದ ಕಪಾಟಿನಲ್ಲೇ ಇದೆ.

ಮಕ್ಕಳನ್ನು ಓದಿಸುವ ಅಪ್ಪಂದಿರೇ, ಅಮ್ಮಂದಿರೇ, ನಿಮ್ಮನ್ನು ಹೆದರಿಸಿ ಅವಸರ ಮಾಡುವವರು ಬಂದಾಗ ಅಲ್ಲೇ ಕೂತುಬಿಡಿ. ಈ ಊರಿಗೆ, ಈ ಕೋರ್ಸಿಗೆ, ಈ ವರ್ಷಕ್ಕೆ ಅನುಮತಿ ಇದೆಯೇ ಎಂದು ಸರ್ಕಾರದ ಪಟ್ಟಿಯಲ್ಲಿ ಕೊನೆಯ ಸಾಲಿನವರೆಗೆ ಓದಿ. ಓದಲು ಬಾರದಿದ್ದರೆ ಗ್ರಂಥಾಲಯಕ್ಕೆ ಹೋಗಿ, ಶಾಲೆಯ ಮೇಷ್ಟ್ರನ್ನು ಕೇಳಿ, ನಾಚಿಕೊಳ್ಳಬೇಡಿ. ಈಗಾಗಲೇ ಅಲ್ಲಿ ಓದುತ್ತಿರುವ ಒಂದು ಮಗುವನ್ನು ಪಕ್ಕಕ್ಕೆ ಕರೆದು ವಿಚಾರಿಸಿ. ನಕಲು ಪ್ರತಿ ಎಷ್ಟು ಬೇಕಾದರೂ ಕೊಡಿ. ಒರಿಜಿನಲ್ ಅನ್ನು ತೋರಿಸಿ, ಬಿಟ್ಟು ಬರಬೇಡಿ. ಬಿಟ್ಟು ಬಂದಿದ್ದರೆ ಇವತ್ತೇ ಹೋಗಿ ಕೇಳಿ. ಆ ಹುಡುಗಿ ಕೇಳುವ ಹೊತ್ತಿಗೆ ಎರಡನೇ ವರ್ಷ ನಡೆದಿತ್ತು.