ಹೆಡ್‌ಮೇಡಂಗೆ ಬಂದ ಮೀಸೆ

ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಪುಸ್ತಕ ಹೊಲಿದು, ಆ ಪ್ರೆಸ್ಸೇ ಮುಚ್ಚಿದ ಮೇಲೆ ಕೈಕಟ್ಟಿ ಕೂರಲಾರದೆ ಅವಳು ಶಾಯಿ ಕಾಯಿಸಲು ನಿಂತಳು. ಜ್ಯೂಸ್ ಅಂಗಡಿಯವನು ಎಸೆಯುವ ದಾಳಿಂಬೆ ಸಿಪ್ಪೆ, ಬಡಗಿಯ ಡಬ್ಬದ ತುಕ್ಕು ಮೊಳೆ, ಒಂದಿಷ್ಟು ವಿನೆಗರ್, ಗೋಂದು, ಬೂಸು ಹಿಡಿಯದಿರಲೆಂದು ಎರಡು ಹನಿ ಲವಂಗದೆಣ್ಣೆ. ಊರಿನ ಕಸವೇ ಅವಳ ಬಂಡವಾಳ. ವಿಷವಿಲ್ಲದ ಶಾಯಿ ಎಂದು ಚಿತ್ರ ಬರೆಯುವವರು ಹುಡುಕಿಕೊಂಡು ಬಂದರು. ಬೀದಿಯವರು ಮಸಿಯಮ್ಮ ಎಂದು ಹೆಸರಿಟ್ಟರು. ಗಂಡ ಮಾತ್ರ ಅಡುಗೆಮನೆಯ ಯಾವ ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆಯೂ, "ಇದು ತಿನ್ನೋದಾ, ಬರೆಯೋದಾ?" ಎಂದು ಕೇಳತೊಡಗಿದ.

ಮಾರಾಟ ನಾದಿನಿಯ ಪಾಲು. ಅವಳ ಬಾಯಿಗೆ ಸಿಕ್ಕರೆ ಕಾಗೆಯೂ ಕಪ್ಪು ಬಣ್ಣ ಕೊಂಡು ಹೋದೀತು.

ಈ ಶಾಯಿಗೊಂದು ಗುಣವಿತ್ತು. ಹಚ್ಚಿದಾಗ ತಿಳಿ ಚಹಾದಂತಿದ್ದು, ಗಾಳಿ ತಾಗಿದಂತೆಲ್ಲ ಎರಡು ಮೂರು ದಿನದಲ್ಲಿ ಕಡುಗಪ್ಪಾಗುತ್ತಿತ್ತು. ಮಸಿಯಮ್ಮ ಪ್ರತಿ ಬಾಟಲಿಯ ಕತ್ತಿಗೂ ಇದನ್ನು ಬರೆದ ಚೀಟಿ ಕಟ್ಟುತ್ತಿದ್ದಳು. ಕಲಾಸಾಮಗ್ರಿಯ ದೊಡ್ಡ ಅಂಗಡಿಯೊಂದು ಮೊದಲ ಸಲ ಇನ್ನೂರು ಬಾಟಲಿ ಕೇಳಿದಾಗ ನಾದಿನಿ ಚೀಟಿಗಳನ್ನೆಲ್ಲ ಬಿಚ್ಚಿಹಾಕಿದಳು.

"ಅತ್ತಿಗೆ, ಮನೆ ಬಾಡಿಗೆಗೆ ಕೊಡೋರು ಸೂರು ಸೋರುತ್ತೆ ಅಂತ ಬೋರ್ಡ್ ಹಾಕ್ತಾರಾ?"

"ಕಪ್ಪಾಗೋದು ದೋಷ ಅಲ್ಲ ಕಣೇ, ಗುಣ."

"ಗುಣ ಆದ್ರೆ ತಾನಾಗೇ ಗೊತ್ತಾಗುತ್ತೆ ಬಿಡಿ!"

ಒಲೆಯ ಮೇಲೆ ಹಂಡೆ ಕೊತಕೊತ ಕುದಿಯುತ್ತಿತ್ತು. ಅದನ್ನು ಬಿಟ್ಟು ಜಗಳಕ್ಕಿಳಿಯಲು ಪುರುಸೊತ್ತಿಲ್ಲದೆ ಮಸಿಯಮ್ಮ ಸುಮ್ಮನಾದಳು.

ತಾನಾಗಿಯೇ ಗೊತ್ತಾಯಿತು. ಎರಡು ವಾರ ಕಳೆದು, ಒಂದು ಸೋಮವಾರ ಭಾವಚಿತ್ರ ಬರೆಯುವ ಕಲಾವಿದನೊಬ್ಬ ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ಅಮ್ಮಾ, ನಿಮ್ಮ ಶಾಯಿ ನನ್ನ ಮಾನ ತೆಗೀತು! ನಮ್ಮ ಸ್ಕೂಲಿನ ಹೆಡ್‌ಮೇಡಂ ರಿಟೈರಾದ್ರು. ಗುರುವಾರ ರಾತ್ರಿ ಕೂತು ಅವರ ಚಿತ್ರ ಬರೆದುಕೊಟ್ಟೆ. ಮೂಗಿನ ಕೆಳಗಿಂದ ಕೆನ್ನೆವರೆಗೂ ತೆಳ್ಳಗೊಂದು ನೆರಳು ಎಳೆದಿದ್ದೆ, ಅಷ್ಟೇ. ಶುಕ್ರವಾರ ಬೀಳ್ಕೊಡುಗೇಲಿ ಎಲ್ಲರೂ ಚಪ್ಪಾಳೆ ತಟ್ಟಿದ್ರು. ಇವತ್ತು ಸ್ಕೂಲಿನ ಬಾಗಿಲು ತೆಗೆದು ನೋಡಿದ್ರೆ ಸೇನಾಧಿಪತಿ ಮೀಸೆ!"

ಒಳಗಿನಿಂದ ಗಂಡನ ದನಿ ಕೇಳಿಸಿತು. "ಮುಖಕ್ಕೆ ಮಸಿ ಬಳಿಯೋದು ಅಂದ್ರೆ ಇದೇ ನೋಡು."

"ಅವರೇ ಬ್ರಷ್ ಸರಿಯಾಗಿ ತೊಳೆದಿರಲಿಲ್ಲ ಅಂತ ಹೇಳಿಬಿಡೋಣ," ಎಂದು ನಾದಿನಿ ಪಿಸುಗುಟ್ಟಿದಳು.

ಮಸಿಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಹೇಳೋದನ್ನ ನಾನೇ ಹೇಳ್ತೀನಿ. ಚಪ್ಪಲಿ ಮೆಟ್ಕೋ, ನೀನೂ ಬಾ."

ಶಾಲೆಯ ಉದ್ದನೆಯ ಕಾರಿಡಾರಿನಲ್ಲಿ, ಬೀಗದ ಕೈ ಒಪ್ಪಿಸಲು ಬಂದಿದ್ದ ಹೆಡ್‌ಮೇಡಂ ಕನ್ನಡಕ ಮೂಗಿಗಿಳಿಸಿ ತಮ್ಮದೇ ಚಿತ್ರದೆದುರು ನಿಂತಿದ್ದರು. ಮೀಸೆ ಹುರಿಯಾಗಿ ಕೆನ್ನೆಯವರೆಗೂ ಹಬ್ಬಿತ್ತು. ಎಂದೋ ಬಿಟ್ಟ ಶಾಲೆಯ ಭಯ ಮಸಿಯಮ್ಮನಿಗೆ ಮರುಕಳಿಸಿತು.

"ಮೇಡಂ, ತಪ್ಪು ಕಲಾವಿದರದಲ್ಲ, ನಮ್ಮದು. ಈ ಶಾಯಿ ಆಮೇಲೆ ಕಪ್ಪಾಗುತ್ತೆ. ಹಾಗಂತ ಚೀಟಿ ಕಟ್ಟಬೇಕಿತ್ತು. ಬಿಚ್ಚಿದ್ದು ಕಣ್ಣಾರೆ ಕಂಡೂ ನಾನು ಸುಮ್ಮನಿದ್ದೆ."

ಹೆಡ್‌ಮೇಡಂ ನಿಧಾನವಾಗಿ ತಿರುಗಿದರು. "ಮೂವತ್ತನಾಲ್ಕು ವರ್ಷದಲ್ಲಿ ಈ ಕಾರಿಡಾರಲ್ಲಿ ನಿಂತು 'ತಪ್ಪು ನನ್ನದು' ಅಂದೋರು ನೀವೇ ಮೊದಲು. ಮಕ್ಕಳಿರಲಿ, ಟೀಚರುಗಳೂ ಅಂದಿಲ್ಲ."

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಹೋ ಎಂದು ನುಗ್ಗಿ ಬಂದವರು ಚಿತ್ರ ಕಂಡದ್ದೇ ತಡ, ಸಾಲು ಕಟ್ಟಿ, ಉಸಿರು ಬಿಗಿಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ದಾಟಿಹೋದರು. ಹೆಡ್‌ಮೇಡಂ ಕಣ್ಣರಳಿಸಿ ನೋಡಿದರು. ಆಮೇಲೆ ನಗತೊಡಗಿದವರು ಗೋಡೆಗೆ ಕೈ ಊರಿಕೊಳ್ಳುವಷ್ಟು ನಕ್ಕರು.

"ಅಯ್ಯೋ, ಈ ಮೀಸೆ ಮೊದಲೇ ಬಂದಿದ್ರೆ ನಾನು ಇಷ್ಟು ವರ್ಷ ಗಂಟಲು ಹರ್ಕೊಳ್ಳೋದು ತಪ್ತಿತ್ತಲ್ಲ! ಇರಲಿ ಬಿಡಿ, ತೆಗೀಬೇಡಿ. ಅದಿರಲಿ, ಈ ಶಾಯಿ ಕಪ್ಪಾಗೋದು ಹೇಗೆ?"

ಮಸಿಯಮ್ಮ ಸಿಪ್ಪೆಯಿಂದ ಹಿಡಿದು ಮೊಳೆಯವರೆಗೆ ಎಲ್ಲವನ್ನೂ ಹೇಳಿದಳು. ಕಲಾವಿದನೂ ಕಿವಿಗೊಟ್ಟು ಕೇಳಿದ.

ಮಾರನೆಯ ದಿನವೇ ನಾದಿನಿ ಅಂಗಡಿಗೆ ಹೋಗಿ, ಉಳಿದ ಬಾಟಲಿಗಳಿಗೆಲ್ಲ ನೆಲದ ಮೇಲೆ ಕೂತು ಚೀಟಿ ಕಟ್ಟಿದಳು. ಕಲಾವಿದ ಹಟ ಹಿಡಿದು ಅದೇ ಶಾಯಿಯಲ್ಲಿ ಹೊಸ ಚಿತ್ರಕ್ಕೆ ಕೈಹಾಕಿದ. ದಿನಕ್ಕೊಂದು ತೆಳು ಪದರ ಹಚ್ಚಿ, ಕಾದು, ನೋಡಿ, ಮತ್ತೆ ಹಚ್ಚಿದ. ಹಾಗೆ ಬಂದ ಕಪ್ಪಿಗೆ ಎಂಥ ಆಳವಿತ್ತೆಂದರೆ, ಅವನ ಶಿಷ್ಯರೆಲ್ಲ ಅದೇ ಶಾಯಿ ಬೇಕೆಂದು ದುಂಬಾಲು ಬಿದ್ದರು. ಅಡುಗೆಮನೆ ಸಾಲದಾಗಿ ಮಸಿಯಮ್ಮ ಬಡಗಿಯ ಹಿತ್ತಿಲ ಶೆಡ್ಡು ಹಿಡಿದಳು.

ಶೆಡ್ಡಿಗೆ ಹೋದ ಮೂರನೆಯ ವಾರ ಹೆಡ್‌ಮೇಡಂ ಛತ್ರಿ ಊರಿಕೊಂಡು ಬಂದರು.

"ಮನೇಲಿ ಕೂತು ನೀರು ಹಾಕಿ ಹಾಕಿ ಎರಡು ಗಿಡ ಕೊಳೆಸಿದೆ. ಏನಾದ್ರೂ ಕೆಲಸ ಇದ್ಯಾ?"

ಇತ್ತು. ಅಂದಿನಿಂದ ಪ್ರತಿ ಹಂಡೆಯ ಶಾಯಿಯನ್ನೂ ಕಾಗದದ ಪಟ್ಟಿಗೆ ಹಚ್ಚಿ, ಗಂಟೆಗೊಮ್ಮೆ ಬಣ್ಣ ನೋಡಿ ಬರೆದಿಡುವುದು ಅವರ ಪಾಲಿಗೆ ಬಂತು. ಚೀಟಿಗಳ ಮೇಲೂ ಅವರ ಕೆಂಪು ಪೆನ್ನು ಓಡಾಡಿತು.

"ಇಲ್ಲಿ ಬಾಮ್ಮ. 'ಕಪ್ಪಾಗುತದೆ' ಅಂದ್ರೇನು? ತ ಒತ್ತು ಎಲ್ಲಿ?"

ಯಾರಿಗೂ ಮಾತು ಮುಗಿಸಲು ಬಿಡದ ನಾದಿನಿ ಕೈ ಹಿಂದೆ ಕಟ್ಟಿ ನಿಂತಳು. "ಅವಸರದಲ್ಲಿ ಬಿಟ್ಟುಹೋಯ್ತು ಮೇಡಂ..."

"ಹಾಗಾದ್ರೆ ನಿಧಾನವಾಗಿ ಐವತ್ತು ಸಲ ಬರಿ."

ನಾದಿನಿ ಅತ್ತಿಗೆಯ ಕಡೆ ದೈನ್ಯದಿಂದ ನೋಡಿದಳು. ಮಸಿಯಮ್ಮ ಹಂಡೆಯ ಮೇಲೆ ಬಗ್ಗಿ, ನಗು ಹೊರಬೀಳದ ಹಾಗೆ ತುಟಿ ಕಚ್ಚಿಕೊಂಡು, ಇನ್ನಷ್ಟು ಜೋರಾಗಿ ತಿರುವಿದಳು.