ಕಾರಿನ ಬೇಲಿ

“ದೂರ ಸರಿಯೇ, ಮುಂಡೆ! ನಿನ್ ತವುಡಿನ ಪುಟ್ಟಿ ತಗುಲುದ್ರೆ ಬಣ್ಣ ಓಯ್ತದೆ!”

ಕೃಷ್ಣರಾಜನಗರದ ಅಕ್ಕಿ ಗಿರಣಿಯ ಯಜಮಾನ ನೀಲಕಂಠಸ್ವಾಮಿ ಗದರಿದ್ದಕ್ಕೆ ಹೊಲಗೇರಿಯ ಪುಟ್ಟಸಿದ್ದಮ್ಮ ಪುಟ್ಟಿ ಹೊತ್ತೇ ಹಿಂದಕ್ಕೆ ಸರಿದಳು. ಅವನ ಹೊಸ ಕಾರು ಬಂದು ಎಂಟು ದಿನವಾಗಿತ್ತು. ಭತ್ತದ ಗಾಡಿಯ ಎತ್ತೊಂದು ಕೊಂಬಿನಿಂದ ಅದರ ಬಾಗಿಲು ಗೀರಿದ್ದು ನಿನ್ನೆ.

ಫಿಟ್ಟರ್ ಇಸಾಕ್ ಸಾಬ್ ಅಂಗಳದಲ್ಲಿ ಕಬ್ಬಿಣದ ಕಂಬಿಬೇಲಿ ಇಳಿಸಿಕೊಂಡಿದ್ದ. ಅದನ್ನು ತರಿಸಿದ್ದು ಇಂಜಿನ್ನಿನ ಬೆಲ್ಟಿಗೆಂದು. ಹೋದ ತಿಂಗಳು ತವುಡು ಗುಡಿಸುತ್ತಿದ್ದ ಪುಟ್ಟಸಿದ್ದಮ್ಮನ ತಂಗಿಯ ಸೆರಗನ್ನು ಆ ಬೆಲ್ಟು ಎಳೆದುಕೊಂಡಿತ್ತು. ಬಲಗೈ ಮೊಣಕೈವರೆಗೆ ಹೋಯಿತು. ಈಗ ಅದೇ ಜಾಗದಲ್ಲಿ ಪುಟ್ಟಸಿದ್ದಮ್ಮನ ಸೊಸೆ ಚಿಕ್ಕಬಸಮ್ಮ ಗುಡಿಸುತ್ತಾಳೆ.

“ಸ್ವಾಮೀ, ಇದು ಒಂದು ಕಡೆಗೇ ಸಾಕಾಗೋದು. ಬೆಲ್ಟಿಗೆ ಹಾಕ್ತೀನಿ,” ಎಂದ ಇಸಾಕ್.

“ಕಾರಿಗೆ ಹಾಕು.”

“ಅಲ್ಲಿ ಹೆಂಗಸರು ಓಡಾಡ್ತಾರೆ, ಸ್ವಾಮೀ.”

“ಕಣ್ಣಿಲ್ವಾ ಅವಕ್ಕೆ? ಒಬ್ಳ ಕೈ ಓದ್ರೆ ಇನ್ನೊಬ್ಳು ಬತ್ತಾಳೆ. ಈ ಬಾಗ್ಲು ಓದ್ರೆ ಬೊಂಬಾಯಿಂದ ಬರ್ಬೇಕು, ಗೊತ್ತಾ?”

ಪುಟ್ಟಸಿದ್ದಮ್ಮ ಪುಟ್ಟಿ ಕೆಳಗಿಟ್ಟು ಕೈಮುಗಿದಳು. “ಬುದ್ಧೀ, ಕಂಬಿ ಬ್ಯಾಡ. ಬಿದ್ರು ಕಡ್ದು ನಾವೇ ಒಂದು ತಡಿಕೆ ಕಟ್ಕತೀವಿ. ಅಪ್ಪಣೆ ಕೊಡಿ.”

“ತಡಿಕೆ ಕಟ್ಟುದ್ರೆ ಬೆಲ್ಟಿನ ಕೆಳಗಿನ ತವುಡ ನಿಮ್ಮಪ್ಪ ಬಾಚ್ತಾನಾ? ಓಗು, ಕೆಲ್ಸ ನೋಡು!”

ಮಧ್ಯಾಹ್ನದ ಹೊತ್ತಿಗೆ ಕಾರಿನ ಸುತ್ತ ಬೇಲಿ ಎದ್ದಿತು. ಕೊನೆಯ ಬೋಲ್ಟು ಬಿಗಿಯುವಾಗ ಇಸಾಕ್ ಅವಳತ್ತ ನೋಡಲಿಲ್ಲ.

ಊಟ ಮುಗಿಸಿ ಎಲ್ಲರೂ ಕೆಲಸಕ್ಕೆ ಏಳುವಾಗ ಪುಟ್ಟಸಿದ್ದಮ್ಮ ನೆಟ್ಟಗೆ ನಡೆದು, ಬೇಲಿಯ ಬಾಗಿಲು ತೆಗೆದು, ಕಾರಿಗೆ ಬೆನ್ನು ಕೊಟ್ಟು ಕೂತಳು.

“ಬಸಮ್ಮಾ, ಬಾ ಕಣವ್ವ! ಇಲ್ಲಿ ಕೂತ್ಕ. ಇಲ್ಲಿ ಏನೂ ಆಗಾಕಿಲ್ವಂತೆ!”

“ಎದ್ದೇಳೇ, ಲೌಡಿ! ಕಾರು ಮೈಲಿಗೆ ಮಾಡ್ದಲ್ಲೇ! ಎಳ್ದಾಕ್ರೋ ಅವಳ್ನ!” ನೀಲಕಂಠಸ್ವಾಮಿ ಅರಚಿದ.

ಎಳೆಯಬೇಕಾದರೆ ಅವಳನ್ನು ಮುಟ್ಟಬೇಕಿತ್ತು. ಆಳುಗಳು ನಿಂತಲ್ಲೇ ನಿಂತರು. ಅವನು ಎಸೆದ ಚಪ್ಪಲಿ ಅವಳ ಹಣೆಗೆ ಬಡಿಯಿತು. ಅವಳು ಏಳಲಿಲ್ಲ.

ಗಿರಣಿಯ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಚಿಕ್ಕಬಸಮ್ಮ ಅತ್ತೆಯ ಕಡೆ ಒಂದು ಹೆಜ್ಜೆ ಇಟ್ಟಳು.

“ನೀನೂ ಅಲ್ಲಿಗೋದ್ರೆ, ನಾಳೆಯಿಂದ ನಿಮ್ ಕೇರಿಯೋರು ಒಬ್ರೂ ಇತ್ತ ತಲೆ ಹಾಕಂಗಿಲ್ಲ!”

ಚಿಕ್ಕಬಸಮ್ಮ ನಿಂತಳು. “ಕೈ ಓದ ಚಿಕ್ಕತ್ತೆಗೆ ಉಣ್ಣಾಕಿಕ್ಬೇಕಲ್ಲ, ಅತ್ತೆ,” ಎಂದವಳು ಸೆರಗನ್ನು ಸೊಂಟಕ್ಕೆ ಬಿಗಿದು ಒಳಗೆ ಹೋದಳು.

ಇಂಜಿನ್ ಶುರುವಾಯಿತು. ಬೆಲ್ಟು ಪಟಪಟ ಬಡಿಯತೊಡಗಿತು. ಪುಟ್ಟಸಿದ್ದಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು, ಸೊಸೆಯ ಪೊರಕೆಯ ಸದ್ದಿಗೆ ಕಿವಿಗೊಟ್ಟಳು. ಆ ಬಡಿತದಲ್ಲಿ ಅದು ಕೇಳಿಸಲಿಲ್ಲ.